ಸಿಳ್ಳೆ ಹಾಕುತ್ತಿದ್ದ ಕಾರು

ನನ್ನ ಮೊಮ್ಮಗಳು ಕಾರು ಬಿಡುತ್ತಾಳೆ. ಇದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ನನಗೆ ಕೈ ಏಳುವುದಿಲ್ಲ. ತಾನು ಬಿಡುವುದಷ್ಟೇ ಅಲ್ಲ, ಬ್ರಹ್ಮಾವರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಬೇರೆಯವರಿಗೆ ಕಲಿಸುತ್ತಾಳೆ. ಅವಳಿಗಿಂತ ದುಪ್ಪಟ್ಟು ಪ್ರಾಯದ ಹೆಂಗಸರು ಅವಳು ಹೇಳಿದ ಹಾಗೆ ಕ್ಲಚ್ಚು ತುಳಿಯುತ್ತಾರೆ. ನಾನು ಕೋಡಿಯಿಂದ ಕುಂದಾಪುರದ ಪೇಟೆಗೆ ಮೀನು ಹೊತ್ತುಕೊಂಡು ಹೋಗುತ್ತಿದ್ದ ಕಾಲದಲ್ಲಿ ಬಸ್ಸಿನವರು ನನ್ನ ಬುಟ್ಟಿ ಕಂಡರೆ ಮುಖ ಆಚೆ ತಿರುಗಿಸುತ್ತಿದ್ದರು. ಅದೇ ರಸ್ತೆಯಲ್ಲಿ ಈಗ ನನ್ನ ಮಗನ ಮಗಳು ಸ್ಟೇರಿಂಗ್ ಹಿಡಿದು, ಕನ್ನಡಕ ಸರಿಮಾಡಿಕೊಳ್ಳುತ್ತ ಬರುವಾಗ, ಸಿಕ್ಕವರನ್ನೆಲ್ಲ ನಿಲ್ಲಿಸಿ ತೋರಿಸಬೇಕು ಅನ್ನಿಸುತ್ತದೆ. ತೋರಿಸಿಯೂ ಇದ್ದೇನೆ. ಕೋಡಿಯಲ್ಲಿ ಇದನ್ನು ನನ್ನ ಬಾಯಿಯಿಂದ ಕೇಳದವರು ಯಾರೂ ಉಳಿದಿಲ್ಲ.

ಅವಳು ಬಿಡುವ ಕಾರು ಅವಳ ಅಪ್ಪನದು. ಅವನು ನನ್ನ ಒಬ್ಬನೇ ಮಗ. ಅವನು ಈಗಿಲ್ಲ.

ಬೈಂದೂರಿಗೆ ರೈಲು ಬರಲು ಶುರುವಾದ ಹೊಸತರಲ್ಲಿ ಅವನು ದೋಣಿಗೆ ಹೋಗುವುದನ್ನು ಬಿಟ್ಟು ಒಂದು ಹಳೆಯ ಬಿಳಿ ಕಾರು ತಂದ. ಸ್ಟೇಷನ್ನಿನಲ್ಲಿ ಇಳಿದವರನ್ನು ಕೊಲ್ಲೂರಿನ ದೇವಸ್ಥಾನಕ್ಕೆ ಮುಟ್ಟಿಸುವ ಬಾಡಿಗೆ. ಕೆಲಸ ಚೆನ್ನಾಗಿಯೇ ನಡೆಯಿತು, ಆದರೆ ದಾರಿಯ ಧೂಳು ಕಾರಿಗೆ ಆಗಿಬರಲಿಲ್ಲ. ರಸ್ತೆ ಅಗೆದು ಹಾಕಿದ್ದರು, ಕೆಂಪು ಧೂಳು ಹೊಗೆಯ ಹಾಗೆ ಏಳುತ್ತಿತ್ತು. ಕಾರಿನ ಇಂಜಿನ್ನು ನಮ್ಮ ಹಾಗೆಯೇ ಗಾಳಿ ಎಳೆದುಕೊಳ್ಳುತ್ತದಂತೆ. ಮುಂದೆ ಒಂದು ಪೈಪು, ಅದರ ಹಿಂದೆ ಒಂದು ಡಬ್ಬ, ಡಬ್ಬದೊಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರು. ಗಾಳಿ ಅದರಲ್ಲಿ ಸೋಸಿ ಒಳಗೆ ಹೋಗಬೇಕು. ಆ ಕಾಗದ ಧೂಳು ತುಂಬಿ ಬೇಗ ಕಟ್ಟಿಕೊಳ್ಳುತ್ತಿತ್ತು, ಕಾರು ಕೆಮ್ಮುತ್ತಿತ್ತು.

ಒಂದು ದಿನ ಅವನು ನನ್ನ ಹಳೆಯ ನೂಲಿನ ಸೀರೆ ಕೇಳಿದ. ಕೊಟ್ಟೆ. ಅದರಿಂದ ಒಂದು ತುಂಡು ಕತ್ತರಿಸಿ, ಎರಡು ಮಡಿಕೆ ಮಾಡಿ, ಪೈಪಿನ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಿದ. ಧೂಳು ಮೊದಲು ಬಟ್ಟೆಗೆ ಹಿಡಿಯಲಿ, ಕಾಗದ ಉಳಿಯಲಿ ಅಂತ. ಒಣ ಬಟ್ಟೆಗೆ ಧೂಳು ನಿಲ್ಲದು, ಎಣ್ಣೆ ಬೇಕು ಅಂದ. ನಮ್ಮಲ್ಲಿ ಎಣ್ಣೆ ಅಂದರೆ ಬೈಗೆ ಮೀನು ಬೇಯಿಸಿ ತೆಗೆದ ಎಣ್ಣೆ. ದೋಣಿಯ ಮರ ಉಪ್ಪುನೀರಿಗೆ ಹಾಳಾಗದಿರಲಿ ಎಂದು ಅದನ್ನೇ ಬಳಿಯುತ್ತಿದ್ದೆವು. ಕಾರಿಗೆ ಮೀನೆಣ್ಣೆಯೇ ಎಂದು ನಾನು ನಕ್ಕದ್ದಕ್ಕೆ ಅವನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ದೋಣಿಗ್ ಆತ್ತ್, ಕಾರಿಗ್ ಆತಿಲ್ಯಾ ಅಮ್ಮ?"

ನಾನೇ ಎಣ್ಣೆ ಕೊಟ್ಟೆ, ಇಬ್ಬರೂ ಅಂಗಳದಲ್ಲಿ ಕೂತು ಬಟ್ಟೆಗೆ ತಿಕ್ಕಿದೆವು. ಮೊದಮೊದಲು ಫಜೀತಿಯೋ ಫಜೀತಿ. ಇಂಜಿನ್ನು ಬಿಸಿಯಾದ ಹಾಗೆ ಕಾರಿನ ತುಂಬ ಮೀನಿನ ವಾಸನೆ, ಕೂತವರು ದೇವಿಯ ದರ್ಶನಕ್ಕೆ ಮಡಿ ಉಟ್ಟು ಹೊರಟವರು. ಯಾರೋ ಮೂಗು ಮುಚ್ಚಿ ಇದೆಂತ ವಾಸನೆ ಎಂದು ಕೇಳಿದರೆ, ಇದು ಸಮುದ್ರದ ಗಾಳಿ, ಕಾಡು ಬಂದ ಮೇಲೆ ಹೋಗುತ್ತದೆ ಅಂದನಂತೆ. ಕಾಡು ಬಂತು, ದೇವಸ್ಥಾನವೂ ಬಂತು, ವಾಸನೆ ಹೋಗಲಿಲ್ಲ. ಆಮೇಲೆ ಸ್ಟೇಷನ್ನಿನಿಂದ ಹೊರಡುವ ಮೊದಲು ಮಲ್ಲಿಗೆ ಮಾಲೆ, ಊದುಬತ್ತಿ ಎಲ್ಲ ಇಡಲು ಶುರುಮಾಡಿದ. ದಿನ ಕಳೆದ ಹಾಗೆ ಎಣ್ಣೆ ಒಣಗಿತು, ವಾಸನೆಯೂ ಕಡಿಮೆಯಾಯಿತು.

ಉಳಿದದ್ದು ಒಂದು ಶಬ್ದ. ಬಟ್ಟೆ ಕಟ್ಟಿದ್ದರ ಒಂದು ಬದಿಯಲ್ಲಿ ಸಣ್ಣ ಸಂದು ಇತ್ತು. ಕಾರು ಓಡುವಾಗ ಅಲ್ಲಿ ಗಾಳಿ ನುಗ್ಗಿ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ನಮ್ಮ ಮನೆಗೆ ಬರುವ ತಿರುವಿನಲ್ಲಿ ಅವನು ಗೇರು ಬದಲಿಸುತ್ತಿದ್ದ. ಆಗ ಸಿಳ್ಳೆ ಒಂದು ಗಳಿಗೆ ನಿಂತು ಮತ್ತೆ ಏಳುತ್ತಿತ್ತು. ನೆರೆಮನೆಯಾಕೆ ಬೇಲಿಯಾಚೆಯಿಂದ ಕರೆದು ಹೇಳುವಳು, "ಹ್ವಾಯ್, ನಿಮ್ ಮಗ ಕೊಳ್ಳಲ್ ಊದ್ಕಂಡ್ ಬಂದ ಕಾಣಿ." ಅವಳು ಹೇಳುವ ಮೊದಲೇ ನಾನು ಎದ್ದಿರುತ್ತಿದ್ದೆ. ಆ ಸಿಳ್ಳೆ ತಿರುವಿನಲ್ಲಿ ಕೇಳಿದರೆ ಗಂಜಿ ಬಡಿಸುವುದು, ಕಾರು ಅಂಗಳದಲ್ಲಿ ನಿಲ್ಲುವಾಗ ಬಟ್ಟಲು ಹೊರಗೆ ತರುವುದು.

ಅವನ ಮಗಳು ಅಂಗನವಾಡಿಗೆ ಹೋಗುವ ಹೊತ್ತಿಗೆ ಅವನಿಗೆ ಕಾಮಾಲೆ ಬಂತು. ಸೊಪ್ಪಿನ ಮದ್ದು ಮಾಡಿದೆವು, ಪಥ್ಯ ಮಾಡಿದೆವು, ಆಮೇಲೆ ಆಸ್ಪತ್ರೆ. ಕಣ್ಣು ಅರಸಿನವಾಗಿದ್ದವು. ಅವನು ಕಾರಿನಲ್ಲಿ ಹೋದವನು ಕಾರಿನಲ್ಲಿ ಬರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಕಾರನ್ನು ಮಾರುವ ಮಾತು ಬಂತು. ಸೊಸೆ ಒಪ್ಪಲಿಲ್ಲ, ಮಗಳಿಗೆ ಅಪ್ಪನದೆಂದು ಏನಾದರೂ ಇರಲಿ ಅಂದಳು. ಸುಮ್ಮನೆ ನಿಲ್ಲಿಸಿದರೆ ಹಾಳಾಗುತ್ತದೆಂದು ಅವಳ ತಮ್ಮ ಕೊಕ್ಕರ್ಣೆಯಿಂದ ಭಾನುವಾರಗಳಲ್ಲಿ ಬಂದು, ಅದನ್ನು ಸ್ವಲ್ಪ ದೂರ ಓಡಿಸಿ ತಂದು ನಿಲ್ಲಿಸುತ್ತಿದ್ದ. ರಿಪೇರಿಗೆ ಹೋದಾಗ ಕಾಗದದ ಫಿಲ್ಟರು ಬದಲಾಗುತ್ತಿತ್ತು. ಆ ಬಟ್ಟೆ ಮಾತ್ರ ಮುಟ್ಟಬಾರದು ಅಂತ ನಾನು ಪ್ರತಿ ಸಲ ಹೇಳಿ ಕಳಿಸುತ್ತಿದ್ದೆ.

ಕಾರು ಹೊರಗೆ ಹೋದದ್ದು ನಾನೇ ಕಂಡಿರುತ್ತಿದ್ದೆ. ಬಿಡುತ್ತಿರುವವನು ಸೊಸೆಯ ತಮ್ಮ ಅನ್ನುವುದು ಗೊತ್ತಿರುತ್ತಿತ್ತು. ಆದರೂ ತಿರುವಿನಲ್ಲಿ ಆ ಸಿಳ್ಳೆ ಕೇಳಿದ ಕೂಡಲೇ ಕಾಲು ತನ್ನಷ್ಟಕ್ಕೆ ಏಳುತ್ತಿತ್ತು. ಅಡುಗೆಮನೆಯ ಬಾಗಿಲ ತನಕ ಬಂದ ಮೇಲೆ ನೆನಪಾಗುತ್ತಿತ್ತು. ಅಲ್ಲಿಂದ ತಿರುಗಿ ಒಳಗೆ ಹೋಗುವುದಿದೆಯಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಎಷ್ಟು ವರ್ಷವಾದರೂ ಅದು ಹಳತಾಗಲಿಲ್ಲ. ಆದರೂ ಆ ಏಳುವ ಒಂದು ಗಳಿಗೆಯಲ್ಲಿ ಮಗ ನನಗೆ ಇದ್ದ. ಅದಕ್ಕಾಗಿಯೇ ಆ ಬಟ್ಟೆ ನನಗೆ ಬೇಕಿತ್ತು.

ಮೊಮ್ಮಗಳು ದೊಡ್ಡವಳಾದಳು. ಲೈಸನ್ಸು ಬಂದ ದಿನ ನಾನು ಬೀದಿಗೆಲ್ಲ ಬೆಲ್ಲ ಹಂಚಿದೆ. ಅಪ್ಪನ ಕಾರನ್ನು ತಾನೇ ಬಿಡಲು ಶುರುಮಾಡಿದಳು, ಆಮೇಲೆ ಅದು ಎಳೆಯುತ್ತಿಲ್ಲ ಎಂದು ತಲೆ ಕೆಡಿಸಿಕೊಂಡಳು. ಮೊಬೈಲಿನಲ್ಲಿ ಹುಡುಕಿ ಹುಡುಕಿ ನನಗೂ ತೋರಿಸಿದಳು. ಅವಳ ಮುಂದೆ ಎರಡು ದಾರಿ ಇದ್ದವು. ಒಂದು, ಕಾಗದದ ಬದಲು ಹತ್ತಿಯದು, ಹಳೆಯ ಡಬ್ಬದೊಳಗೇ ಕೂರುತ್ತದೆ, ತೊಳೆದು ಮತ್ತೆ ಹಾಕಬಹುದು. ಇನ್ನೊಂದು, ಡಬ್ಬ, ಪೈಪು ಎರಡನ್ನೂ ಕಿತ್ತು ತೆಗೆದು, ಕೆಂಪು ಬಣ್ಣದ ದೊಡ್ಡ ಫಿಲ್ಟರನ್ನು ಹೊರಗೇ ಕೂರಿಸುವುದು. ಅದು ಗಾಳಿ ಜಾಸ್ತಿ ಎಳೆಯುತ್ತದೆ, ಕಾಲು ಒತ್ತಿದರೆ ಗುಡುಗುತ್ತದೆ. ಆದರೆ ಇಂಜಿನ್ನಿನ ಬಿಸಿಗಾಳಿ ತಾಗದ ಹಾಗೆ ಒಂದು ತಗಡಿನ ಮರೆ ಬೇಕು, ಕೋಡಿಯ ಮರಳಿಗೂ ಮಳೆಗೂ ಆಗಾಗ ತೊಳೆದು ನೋಡಿಕೊಳ್ಳಬೇಕು. ಅವಳ ಮನಸ್ಸೆಲ್ಲ ಆ ಎರಡನೆಯದರ ಮೇಲೆಯೇ ಇತ್ತು.

ತೆಕ್ಕಟ್ಟೆಯ ಗ್ಯಾರೇಜಿಗೆ ನನ್ನನ್ನೂ ಕರೆದುಕೊಂಡು ಹೋದಳು. ಗ್ಯಾರೇಜಿನವನು ಬಾನೆಟ್ಟು ಎತ್ತಿ, ಪೈಪಿನ ಬಾಯಿಯ ಬಟ್ಟೆಯನ್ನು ಬೆರಳಿನಿಂದ ಬಡಿದ. ಹಲಗೆ ಬಡಿದ ಹಾಗೆ ಟಕ್ ಟಕ್ ಅಂತು. ಮೀನೆಣ್ಣೆ ಒಣಗಿ, ಧೂಳು ಕೂತು, ಬಟ್ಟೆ ಮರವಾಗಿತ್ತು.

"ಅಮ್ಮ, ಮೂಗಿಗ್ ಹಲ್ಗಿ ಹೊಡ್ದಂಗ್ ಆಯಿತ್ ಇದ್," ಅಂದ.

ಮೊಮ್ಮಗಳು ನನ್ನ ಮುಖ ನೋಡಿದಳು. ನನ್ನ ಕಣ್ಣು ಆ ಬಟ್ಟೆಯ ಮೇಲೆಯೇ ಇತ್ತು. ಹೇಳದಿದ್ದರೂ ಅವಳಿಗೆ ಗೊತ್ತಾಯಿತು. ಮೊದಲನೆಯದೇ ಸಾಕು, ಡಬ್ಬದೊಳಗಿನದು, ಪೈಪು ಹಾಗೆಯೇ ಇರಲಿ ಅಂದುಬಿಟ್ಟಳು. ಗ್ಯಾರೇಜಿನವನು, ಬಟ್ಟೆ ಹೀಗೆಯೇ ಇದ್ದರೆ ಹೊಸತು ಹಾಕಿಯೂ ಪ್ರಯೋಜನವಿಲ್ಲ ಎಂದು ವಾದ ಮಾಡಿದ. ಅವಳು ಕೇಳಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ. ನನಗೆ ಸಮಾಧಾನವೇ ಆಯಿತು.

ಸ್ವಲ್ಪ ದಿನ ಬಿಟ್ಟು ನನ್ನನ್ನು ಕೊಲ್ಲೂರಿಗೆ ಕರೆದುಕೊಂಡು ಹೊರಟಳು, ಅಪ್ಪ ಹೋಗುತ್ತಿದ್ದ ಅದೇ ದಾರಿಯಲ್ಲಿ. ಮುಂದಿನ ಸೀಟಿನಲ್ಲಿ ನಾನು ರಾಣಿಯ ಹಾಗೆ ಕೂತಿದ್ದೆ. ಬೈಂದೂರು ದಾಟಿ ಏರು ಬಂದಾಗ ಕಾರು ಏದುಸಿರು ಬಿಡತೊಡಗಿತು. ಅವಳು ಎ.ಸಿ. ಬಂದ್ ಮಾಡಿದಳು, ಗೇರು ಇಳಿಸಿದಳು, ಮತ್ತೂ ಇಳಿಸಿದಳು. ಹಿಂದೆ ಬಸ್ಸು ಹಾರನ್ನು ಬಡಿಯುತ್ತಿತ್ತು. ಬಸ್ಸಿನವನು ದಾಟಿ ಹೋಗುವಾಗ ತಲೆ ಹೊರಗೆ ಹಾಕಿ, ಹೆಂಗಸರು ಬಿಟ್ಟರೆ ಹೀಗೆಯೇ ಎಂಬಂತೆ ಏನೋ ಹೇಳಿದ. ಬೇರೆಯವರಿಗೆ ಕಾರು ಕಲಿಸುವ ಹುಡುಗಿ ಅವಳು. ಸ್ಟೇರಿಂಗಿನ ಮೇಲೆ ಅಂಗೈ ಇಟ್ಟು, ಸುಸ್ತಾದ ದನವನ್ನು ತಟ್ಟಿದ ಹಾಗೆ ಮೆಲ್ಲಗೆ ತಟ್ಟಿದಳು, ಅಷ್ಟೇ.

ನಾನು ಸಾಯುವ ತನಕ ಇವಳು ಹೀಗೆಯೇ ತಟ್ಟಿಕೊಂಡು ಹೋಗುತ್ತಾಳೆ ಅಂತ ನನಗೆ ಆಗ ಗೊತ್ತಾಯಿತು. ನನಗೊಂದು ಸಿಳ್ಳೆ ಬೇಕೆಂದು ಅವಳು ಬೈಸಿಕೊಳ್ಳುತ್ತಾಳೆ. ದೇವಿಯ ಎದುರು ನಿಂತರೂ ಕೈ ಮುಗಿಯಲು ಮನಸ್ಸು ನಿಲ್ಲಲಿಲ್ಲ. ಹೊರಗೆ ಬಂದು ಚಪ್ಪಲಿ ಹಾಕುವಾಗ ಹೇಳಿದೆ.

"ಆ ಬಟ್ಟಿ ತೆಗ್ಸ್ ಮಗಾ. ಕೆಂಪಿಂದೇ ಹಾಕ್ಸ್."

"ಬ್ಯಾಡ ಅಜ್ಜಿ. ನಂಗೇನ್ ತೊಂದ್ರಿ ಇಲ್ಲೆ."

"ನಿಂಗಿಲ್ದಿದ್ರ್ ಕಾರಿಗಿತ್ತ್. ಉಸ್ರ್ ಕಟ್ತಿತ್ತ್ ಅದ್ಕೆ."

ಗ್ಯಾರೇಜಿನವನು ಬ್ಲೇಡಿನಿಂದ ಟ್ಯೂಬಿನ ರಬ್ಬರು ಕತ್ತರಿಸಿದ. ರಬ್ಬರು ಹೋದರೂ ಬಟ್ಟೆ ಬಿಡಲಿಲ್ಲ. ಸ್ಕ್ರೂಡ್ರೈವರು ತೂರಿಸಿ ಎಬ್ಬಿಸಬೇಕಾಯಿತು. ನಾನು ನೋಡಬಾರದೆಂದು ಆಚೆ ತಿರುಗಿದ್ದೆ, ಆದರೆ ಆ ಶಬ್ದ ಕೇಳಿತು. ಕೈಗೆ ಬಂದಾಗ ಅದು ಪೈಪಿನ ಬಾಯಿಯ ಆಕಾರದಲ್ಲೇ ಇತ್ತು, ಸಣ್ಣ ಬಟ್ಟಲಿನ ಹಾಗೆ. ಒಂದು ಬದಿಯಲ್ಲಿ ಸೀರೆಯ ಅಂಚಿನ ಹಸಿರು ಗೆರೆ ಇನ್ನೂ ಕಾಣುತ್ತಿತ್ತು. ಎಣ್ಣೆ ತಿಕ್ಕಿದ್ದು ನಾನೂ ಮಗನೂ ಸೇರಿ, ಬಿಗಿದು ಕಟ್ಟಿದ್ದು ಮಾತ್ರ ಅವನ ಕೈ. ಅವನು ಕಟ್ಟಿದ ಯಾವುದೂ ಇನ್ನು ಮುಂದೆ ಆ ಕಾರಿನಲ್ಲಿ ಇರುವುದಿಲ್ಲ.

ಮೊಮ್ಮಗಳು ಹೊಸ ಫಿಲ್ಟರನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಮುಟ್ಟಿ ನೋಡಲು ಹೇಳಿದಳು. ಹತ್ತಿ ಬಟ್ಟೆಯ ಪದರ, ಅದಕ್ಕೆ ಎಣ್ಣೆ. ಬೆರಳಿಗೆ ಅಂಟಿತು. ಆ ಎಣ್ಣೆ ಒಣಗುವಂಥದ್ದಲ್ಲ, ಧೂಳನ್ನು ಹಿಡಿದುಕೊಂಡು ಗಾಳಿಯನ್ನು ಬಿಡುತ್ತದಂತೆ. ಅಪ್ಪನಿಗೆ ಇದು ಆಗಲೇ ಹೊಳೆದಿತ್ತು ಎಂದು ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡಳು.

"ಮೀನೆಣ್ಣಿ ಹಾಕಿದ್ದೊಂದೇ ತಪ್ಪ್ ಆದ್ದ್ ಅಜ್ಜಿ," ಅಂದಳು.

ನಾನು ನಕ್ಕೆ. ನಗುತ್ತಲೇ ಅತ್ತೆ. ಗ್ಯಾರೇಜಿನವನು ಕೈ ಒರೆಸಿಕೊಳ್ಳುವ ನೆಪದಲ್ಲಿ ಆಚೆ ಹೋದ.

ತಗಡಿನ ಮರೆ ಸಿದ್ಧವಾಗಲು ಹೊತ್ತಾಗುತ್ತದೆ ಎಂದು ನಾನು ಬಸ್ಸಿನಲ್ಲಿ ಮನೆಗೆ ಬಂದೆ. ಸಂಜೆ ಅಂಗಳದಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದೆ. ತಿರುವಿನಲ್ಲಿ ಯಾವುದೋ ಕಾರು ಗುಡುಗಿದ್ದು ಕೇಳಿತು. ಯಾರೋ ಬೀಚಿಗೆ ಬಂದವರು ಅಂದುಕೊಂಡು ಮೀನಿನ ಕಡೆಗೇ ನೋಡುತ್ತಿದ್ದೆ. ತಲೆ ಎತ್ತಿದಾಗ ಬಿಳಿ ಕಾರು ಎದುರಿಗೇ ನಿಂತಿತ್ತು, ಮೊಮ್ಮಗಳು ಬಾಗಿಲು ತೆರೆದು ನನ್ನನ್ನೇ ನೋಡುತ್ತಿದ್ದಳು. ನಾನು ಕೂತೇ ಇದ್ದೆ. ಕಾಲು ಎದ್ದಿರಲಿಲ್ಲ.

ಇಷ್ಟು ವರ್ಷ ನಿಲ್ಲಿಸಲಾಗದ್ದು ಆ ಸಂಜೆ ನಿಂತುಹೋಗಿತ್ತು. ಆಸ್ಪತ್ರೆಯಿಂದ ಸುದ್ದಿ ಬಂದ ದಿನಕ್ಕಿಂತ ಆ ಗಳಿಗೆಯಲ್ಲೇ ನನಗೆ ಮಗ ಹೆಚ್ಚು ಹೋದ ಹಾಗಾಯಿತು.

"ಕೇಂಡಿಲ್ಯಾ ಅಜ್ಜಿ?"

ಕೇಳಿತು, ಯಾರದೋ ಅಂದುಕೊಂಡೆ ಅಂದೆ. ಅವಳ ಮುಖ ಬಾಡಿತು. ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತಳು, ಮೀನಿನ ಕೈಯನ್ನೇ ಹಿಡಿದುಕೊಂಡಳು. ಬೇಕಾದರೆ ನಾಳೆಯೇ ಮೊದಲಿನ ಪೈಪು ಹಾಕಿಸುತ್ತೇನೆ ಅಂದಳು. ಇಂಥ ಮಗುವನ್ನು ಕೊಟ್ಟು ಹೋದವನನ್ನು ನಾನು ಹೇಗೆ ಬೈಯಲಿ.

"ಬ್ಯಾಡ. ಇನ್ನೊಂದ್ ಸಲ ತಿರುವಿನ್ ತನ್ಕ ಹೋಯ್ ಬಾ ಮಗಾ. ನಾ ಕೇಂಡ್ಕಂತೆ."

ಅವಳು ಹೋದಳು. ನಾನು ಕತ್ತಿ ಕೆಳಗಿಟ್ಟು, ಕಣ್ಣು ಮುಚ್ಚಿ ಕೂತೆ. ದೂರದಲ್ಲಿ ತಿರುಗಿಸಿದ್ದು ಕೇಳಿತು, ಬರುವುದೂ ಕೇಳಿತು. ಗುಡುಗಿನ ಕೆಳಗೆ ಎಲ್ಲಾದರೂ ಸಿಳ್ಳೆ ಇದೆಯೋ ಎಂದು ಕಿವಿ ಹುಡುಕುತ್ತಲೇ ಇತ್ತು. ಇರಲಿಲ್ಲ. ತಿರುವಿನಲ್ಲಿ ಅವಳು ಗೇರು ಬದಲಿಸಿದಳು. ಅಪ್ಪನಿಗಿಂತ ಸ್ವಲ್ಪ ಮೊದಲೇ ಬದಲಿಸುತ್ತಾಳೆ. ಅದನ್ನು ಗುರುತು ಇಟ್ಟುಕೊಂಡೆ.