ಮುಂದಿನ ಬ್ರೇಕಿನ ಪೈಪು

ಅಣ್ಣ ತೀರಿಕೊಂಡ ಮೇಲೆ ಅವನ ಬೈಕು ಮಾರಿಬಿಡು ಎಂದು ಹೇಳದವರೇ ಇರಲಿಲ್ಲ. ಸಂಡೂರು ರಸ್ತೆಯಲ್ಲಿ ಗಕ್ಕನೆ ನಿಂತ ಅದಿರು ಲಾರಿಗೆ ಹಿಂದಿನಿಂದ ಹೋಗಿ ಗುದ್ದಿದ್ದ. ಗಾಡಿ ರಿಪೇರಿಯಾಗುವಷ್ಟು ಉಳಿದಿತ್ತು, ಅವನು ಉಳಿಯಲಿಲ್ಲ. ನನಗೋ ಮೈಮನಸ್ಸೆಲ್ಲ ಜೋಮು ಹಿಡಿದಂತಿತ್ತು. ಸಮಾಧಾನ ಹೇಳಲು ಬಂದವರಿಗೆ ಚಹಾ ಕೊಟ್ಟು ಕೊಟ್ಟು ಸಾಕಾಗಿತ್ತು. ಮಾರುವುದಿಲ್ಲ, ನಾನೇ ಓಡಿಸುತ್ತೇನೆ ಎಂದೆ.

ಅವ್ವ ಒಂದೇ ಮಾತು ಕೇಳಿದಳು: "ಅದು ನಿಂದರ್ತೈತೇನು?"

ನಿಲ್ಲುವಂತೆ ಮಾಡಿಸಲು ಚಿತ್ತವಾಡ್ಗಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಅದಿರಿನ ದುಡ್ಡು ಊರೆಲ್ಲ ಹರಿದಾಡುತ್ತಿದ್ದ ಆ ವರ್ಷಗಳಲ್ಲಿ ಇಂಥ ರೇಸ್ ಗಾಡಿಗಳು ಹೊಸಪೇಟೆಗೆ ಹೊಸವಲ್ಲ. ಮುಂದಿನ ಗಾಲಿಗೆ ಎರಡು ಡಿಸ್ಕ್. ಬ್ರೇಕ್ ಎಣ್ಣೆಯ ರಬ್ಬರ್ ಪೈಪು ಹ್ಯಾಂಡಲ್‌ನಿಂದ ಒಂದೇ ಇಳಿದು, ನಡುವೆ ಕವಲೊಡೆದು ಎರಡಾಗಿತ್ತು. ಹಳತಾಗಿ, ಕೈಯ ಬ್ರೇಕ್ ಲಿವರ್ ಒತ್ತಿದರೆ ಉಬ್ಬುತ್ತಿತ್ತು. ಅಂಥದ್ದೇ ಹೊಸದು ಹಾಕಿಸಬಹುದು. ಇಲ್ಲವೇ ಉಕ್ಕಿನ ತಂತಿ ಹೆಣೆದ ಪೈಪು, ಡಿಸ್ಕಿಗೊಂದರಂತೆ ಮೇಲಿನಿಂದಲೇ ಎರಡು.

"ಬ್ಯಾರೆ ಬ್ಯಾರೆ ಎರಡು ಹಾಕಸ್ರಿ. ನಡುವ ಜಾಯಿಂಟ್ ಇರಂಗಿಲ್ಲ, ಉಬ್ಬಂಗಿಲ್ಲ. ಎರಡು ಬೆರಳಿಲೆ ಹಿಡದ್ರ ಸಾಕು," ಅಂದರು ಮೆಕ್ಯಾನಿಕ್.

ಅದನ್ನೇ ತರಿಸಲು ಹೇಳಿದೆ. ಪ್ಯಾಡುಗಳನ್ನೂ ನೋಡೋಣವೆಂದು ಬಿಚ್ಚಿಸಿದರೆ, ಹಿಂದಿನ ಗಾಲಿಯವು ಸವೆದು ತಗಡಾಗಿದ್ದವು. ಮುಂದಿನವು ಈಗಷ್ಟೇ ಅಂಗಡಿಯಿಂದ ತಂದಂತಿದ್ದವು.

"ನಿಮ್ಮಣ್ಣಾರು ಮುಂದಿನ ಬ್ರೇಕ್ ಹಿಡದೇ ಇಲ್ರಿ."

ನಮ್ಮ ಕಡೆ ಯಾರು ಹಿಡಿಯುತ್ತಾರೆ? ಲಾರಿಗಳಿಂದ ಉದುರಿದ ಕೆಂಪು ಪುಡಿ ರಸ್ತೆ ತುಂಬ. ಧೂಳು ಏಳದಿರಲೆಂದು ಟ್ಯಾಂಕರ್ ನೀರು ಬಿಟ್ಟರೆ ಅದೇ ಜಾರು ಕೆಸರು. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮಲಗಿತೆಂದೇ ಲೆಕ್ಕ. ಸ್ಕೂಟರ್ ಕಲಿಸುವಾಗಲೇ ಅಪ್ಪ ನಮ್ಮಿಬ್ಬರಿಗೂ ತಾಕೀತು ಮಾಡಿದ್ದ, ಕಾಲು ಒತ್ತಬೇಕು, ಕೈ ಮುಟ್ಟಬಾರದು ಅಂತ. ಆದರೆ ಅಣ್ಣ ಹೋಗಿದ್ದು ಒಣ ಡಾಂಬರಿನ ಮೇಲೆ. ಅಷ್ಟು ವೇಗದಲ್ಲಿ ಈ ಗಾಡಿ ಬರೀ ಕಾಲಿಗೆ ನಿಲ್ಲುವಂಥದ್ದಲ್ಲ. ಇದು ಗೊತ್ತಾದಾಗಲೂ ನನಗೇನೂ ಅನಿಸಲಿಲ್ಲ. ಪೈಪು ಯಾವಾಗ ಬರುತ್ತದೆ ಎಂದಷ್ಟೇ ಕೇಳಿದೆ.

ಪೈಪಿನ ಜೊತೆ ಹಿಂದಿನ ಪ್ಯಾಡುಗಳನ್ನೂ ಹೊಸವು ಹಾಕಿಸಿದ ಮೇಲೆ, ಲಾರಿಗಳ ಕಾಟ ಕಡಿಮೆ ಎಂದು ಕಂಪ್ಲಿ ಕಡೆ ಹೊರಟೆ. ಖಾಲಿ ರಸ್ತೆಯಲ್ಲಿ ಬೇಕೆಂದೇ ಮುಂದಿನ ಬ್ರೇಕ್ ಹಿಡಿದು ಹಿಡಿದು ನೋಡಿದೆ. ಎರಡೇ ಬೆರಳಿಗೆ ಗಾಡಿ ಹೇಳಿದಲ್ಲಿ ನಿಂತಿತು. ಮಸ್ತ್ ಆಗಿದೆ ಎಂದುಕೊಂಡೆ.

ಮೆಟ್ರಿ ಹತ್ತಿರ ಗದ್ದೆಯಿಂದ ಎಮ್ಮೆಯೊಂದು ದಡಬಡ ರಸ್ತೆಗೆ ಏರಿತು. ಗಾಡಿ ಕಿರ್ರೆಂದು ಹಿಂಭಾಗ ಹೊಯ್ದಾಡುತ್ತ ಜಾರಿ, ಅದರ ಪಕ್ಕೆಗೆ ಗೇಣು ದೂರದಲ್ಲಿ ಹೇಗೋ ನಿಂತಿತು. ಎಮ್ಮೆ ತನ್ನ ಪಾಡಿಗೆ ದಾಟಿ ಹೋಯಿತು. ಬಗ್ಗಿ ನೋಡಿದೆ. ಬಲಗಾಲು ಬ್ರೇಕನ್ನು ಇನ್ನೂ ತುಳಿದೇ ಇತ್ತು. ಬಲಗೈ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಒಂದು ಬೆರಳೂ ಲಿವರಿಗೆ ಹೋಗಿರಲಿಲ್ಲ.

ಅಣ್ಣನೂ ಹೀಗೇ, ಇದ್ದಬದ್ದ ಬಲವೆಲ್ಲ ಹಾಕಿ ಕಾಲು ಒತ್ತಿರಬೇಕು. ಪಾಪ, ಗಾಡಿ ನಿಲ್ಲುತ್ತದೆಂದೇ ನಂಬಿರಬೇಕು.