ಕೊಸರು ಒಪ್ಪದ ತಂತಿ

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ತುದಿಯಲ್ಲಿ ಬೆಸುಗೆ ಹಾಕುವ ಕಾದ ಸಲಾಕೆ ತಗುಲಿದ ಕಂದು ಕಲೆಗಳು. ಕೈಕುಲುಕಿದರೆ ಬೆಸುಗೆ ರಾಳದ ವಾಸನೆ ನಮ್ಮ ಕೈಗೂ ಅಂಟುತ್ತಿತ್ತು. ಮಂಗಳೂರು ಕಡೆಯಿಂದ ಬಂದು ಬಾಳ್ಳುಪೇಟೆಯಲ್ಲಿ ನೆಲೆಸಿದವರು. ಹೆದ್ದಾರಿ ಪಕ್ಕ ಒಂದು ಕೋಣೆಯ ರಿಪೇರಿ ಅಂಗಡಿ, ಅದರ ಹಿಂದೆಯೇ ಮನೆ. ಹೆಸರೇನೋ ಇತ್ತು, ಆದರೆ ತೋಟದ ಜನಕ್ಕೆಲ್ಲ ಅವರು ‘ವೈರ್‌ಲೆಸ್ ಸಾರ್’.

ತೊಂಬತ್ತರ ದಶಕದಲ್ಲಿ ನಾನು ಬೆಳಗೋಡಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಗುಡ್ಡದ ಮೇಲಿನ ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. ಆ ಸ್ಟೋರಿಗೆ ಫೋನ್ ಇರಲಿಲ್ಲ. ಇದ್ದದ್ದು ಒಂದು ಹಳೆಯ ಸಿ.ಬಿ. ವೈರ್‌ಲೆಸ್ ಸೆಟ್ಟು: ಕಾರಿನ ಟೇಪ್‌ರೆಕಾರ್ಡರಿನಷ್ಟು ದೊಡ್ಡ ಡಬ್ಬಿ, ಸುರುಳಿ ವೈರಿನ ಮೈಕು, ಜೀಪಿನ ಬ್ಯಾಟರಿ. ಇಂಥದ್ದೇ ಇನ್ನೊಂದು ಕೆಳಗೆ ತೋಟದ ಸಾಹುಕಾರರ ಬಂಗಲೆಯಲ್ಲಿ, ಮತ್ತೊಂದು ವೈರ್‌ಲೆಸ್ ಸಾರ್ ಅಂಗಡಿಯಲ್ಲಿ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಗುಡ್ಡದಿಂದ ಗುಡ್ಡಕ್ಕೆ ಕೂಗಿ ಕರೆಯುವ ಜನ ನಾವು. ಮೈಕಿನಲ್ಲೂ ಗಂಟಲು ಹರಿಯುವಂತೆ ಕಿರುಚುತ್ತಿದ್ದೆವು.

“ಕಿರುಚಿದರೆ ದೂರ ಹೋಗ್ತದಾ ಮಾರಾಯ್ರೆ? ತೊಟ್ಟಿಲ ಹತ್ತಿರ ಮಾತಾಡಿದ ಹಾಗೆ ಮಾತಾಡಿ,” ಅನ್ನುತ್ತಿದ್ದರು ವೈರ್‌ಲೆಸ್ ಸಾರ್. ದಿನಾ ಬೆಳಿಗ್ಗೆ ಎಂಟಕ್ಕೆ ನಮ್ಮನ್ನೆಲ್ಲ ಕರೆದು ದನಿ ಪರೀಕ್ಷೆ ಮಾಡುತ್ತಿದ್ದರು. ಅದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ, ಕೊಡಬೇಕೆಂದು ನಮಗೆ ಹೊಳೆದೂ ಇರಲಿಲ್ಲ.

ಒಂದು ಮೇ ತಿಂಗಳು ಮರಗಸಿ ನಡೆದಿತ್ತು. ಅಂದರೆ ಕಾಫಿಗೆ ಬೆಳಕು ಬೀಳಲೆಂದು ನೆರಳುಮರದ ಕೊಂಬೆ ಕಡಿಯುವುದು. ನಮ್ಮ ಆಂಟೆನಾ ತಂತಿ ಎರಡು ಸಿಲ್ವರ್ ಮರಗಳ ನಡುವೆ ಕಟ್ಟಿದ್ದು. ಇಳಿಸಿ ಇಡಬೇಕಾದವನು ನಾನು, ಮರೆತೆ. ಕೊಂಬೆ ಬಿದ್ದು ತಂತಿ ಒಂದು ಕಡೆ ತುಂಡಾಯಿತು. ಸಾಹುಕಾರರಿಗೆ ಗೊತ್ತಾದರೆ ಬೈಗುಳ ತಪ್ಪಿದ್ದಲ್ಲ ಎಂದು ಹೆದರಿ, ಸ್ಟೋರಿನಲ್ಲಿದ್ದ ವೈರು ತಂದು ನಾನೇ ಗಂಟು ಹಾಕಿದೆ. ಸಂತೆಯಲ್ಲಿ ಸೇರು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ವ್ಯಾಪಾರಿಯ ಮುಖ ನೋಡದ ಜಾತಿ ನಮ್ಮದು. ಕಮ್ಮಿಯಾಗುವುದು ಬೇಡ, ಒಂದು ಮೊಳ ಜಾಸ್ತಿಯೇ ಇರಲಿ ಎಂದು ಧಾರಾಳವಾಗಿ ಸೇರಿಸಿದೆ.

ಮಾರನೆಯ ಬೆಳಿಗ್ಗೆ ವೈರ್‌ಲೆಸ್ ಸಾರ್ ದನಿ ನನಗೆ ಚೆನ್ನಾಗಿಯೇ ಕೇಳಿತು. ನನ್ನದು ಅವರಿಗೆ ಸರಿಯಾಗಿ ಕೇಳಲಿಲ್ಲ.

“ರೈಟರೇ, ನಿಮ್ಮ ದನಿ ನೀರು ಹಾಕಿದ ಹಾಲಿನ ಹಾಗೆ ಉಂಟು. ಎಂಥ ಮಾಡಿದ್ರಿ?”

“ಏನೂ ಮಾಡಿಲ್ಲ ಸಾರ್, ಎಲ್ಲಾ ಸರಿಯಾಗೈತೆ,” ಅಂದುಬಿಟ್ಟೆ.

ಮರುದಿನ ಮಧ್ಯಾಹ್ನ ನೋಡಿದರೆ ಆಸಾಮಿ ಅಂಗಳದಲ್ಲಿ! ಬೆಳಗೋಡಿನವರೆಗೆ ಬಸ್ಸು, ಅಲ್ಲಿಂದ ಏರು ದಾರಿಯ ನಡಿಗೆ. ಉಬ್ಬಸದ ಮನುಷ್ಯ, ಐದು ನಿಮಿಷ ಕೂತು ಉಸಿರು ಸುಧಾರಿಸಿಕೊಂಡರು. ಆಮೇಲೆ ಚೀಲದಿಂದ ಒಂದು ಪುಟ್ಟ ಮೀಟರ್ ತೆಗೆದು ಸೆಟ್ಟಿಗೂ ತಂತಿಗೂ ನಡುವೆ ಸಿಕ್ಕಿಸಿ, ಗುಂಡಿ ಒತ್ತಿದರು. ಮುಳ್ಳು ಹೋಗಿ ಕೆಂಪು ಗೆರೆಯಲ್ಲಿ ಕೂತಿತು. ತಂತಿ ಇಳಿಸಿ ನನ್ನ ಗಂಟು ಹಿಡಿದರು.

“ಇದು ಯಾರು ಮಾಡಿದ್ದು?”

“ಮರಗಸಿಯವನು ಸಾರ್.” ನಾಲಿಗೆ ತಾನಾಗಿ ಹೊರಳಿತು.

“ಕಡಿದದ್ದು ಅವನು ಇರಬಹುದು. ಆಫೀಸಿನ ಗಮ್ ಟೇಪ್ ಸುತ್ತಿದ್ದು?” ಅವರು ಗದರಲಿಲ್ಲ. “ಮರದ ಮೇಲೆ ಇರುವವನ ತಲೆಗೆ ಕಟ್ಟುವುದು ಸುಲಭ ಅಲ್ವಾ? ಅವನ ಕೈಯಲ್ಲಿ ಮೈಕ್ ಇಲ್ಲ ನೋಡಿ.”

ಥೂ, ನಾಚಿಕೆಯಿಂದ ಕುಗ್ಗಿಹೋದೆ. ಆಮೇಲೆ ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ಒಂದೊಂದು ಬೆರಳಷ್ಟು ಕತ್ತರಿಸುವುದು, ಮೇಲೆ ಕಟ್ಟುವುದು, ಮುಳ್ಳು ನೋಡುವುದು, ಮತ್ತೆ ಇಳಿಸುವುದು. “ಈ ತಂತಿಗೆ ಕೊಸರು ಆಗುವುದಿಲ್ಲ. ಎರಡು ಕಡೆಯೂ ಸಮ ಇರಬೇಕು. ಉದ್ದ ತಪ್ಪಿದರೆ ನೀವು ಕಳಿಸಿದ ಮಾತು ನಿಮ್ಮ ಸೆಟ್ಟಿಗೇ ವಾಪಸ್ ಬಂದು ಅದನ್ನೇ ಸುಡ್ತದೆ.” ಮುಳ್ಳು ಕೆಳಗಿಳಿಯುವ ಹೊತ್ತಿಗೆ ಸಂಜೆಯಾಗಿತ್ತು. ಸಾಹುಕಾರರಿಗೆ ಅವರು ಒಂದಕ್ಷರ ಹೇಳಲಿಲ್ಲ. ನಾನೇ ಹೋಗಿ ಹೇಳಿ ಬೈಸಿಕೊಂಡೆ.

ಅದೇ ವರ್ಷ ಜುಲೈ, ಬಿಡದ ಮಳೆ. ಬಾಣಂತನ ಮುಗಿಸಿ ನನ್ನ ಹೆಂಡತಿ ಮೂರು ತಿಂಗಳ ಮಗಳೊಂದಿಗೆ ಮಗ್ಗೆಯ ತವರಿನಿಂದ ಬರುವವಳಿದ್ದಳು. ಬಂಗಲೆಯವರೆಗೆ ಬಂದು, ಅಲ್ಲಿ ಊಟ ಮುಗಿಸಿ ಎಸ್ಟೇಟ್ ಜೀಪಿನಲ್ಲಿ ಮೇಲಕ್ಕೆ. ಮಧ್ಯಾಹ್ನ ಕೂಲಿ ಲೈನಿನ ಹೆಂಗಸೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು.

“ರೈಟ್ರೇ, ತಿರುವಿನ ಮೋರಿ ಕೊಚ್ಕೊಂಡು ಹೋಗ್ಬುಟ್ಟೈತೆ! ರಸ್ತೇನೇ ಇಲ್ಲ ಕಣ್ರೀ!”

ಬಂಗಲೆಯಿಂದ ಬರುವ ದಾರಿಯ ಆ ತಿರುವು ಹತ್ತಿರ ಬರುವವರೆಗೆ ಕಾಣುವುದಿಲ್ಲ. ಕೆಳಗೆ ಆಳದ ಹಳ್ಳ. ಓಡಿ ಇಳಿದರೂ ನನಗೆ ಅರ್ಧ ಗಂಟೆ ಬೇಕು. ಮೈಕು ಹಿಡಿದೆ. ಕಿರುಚಬೇಕೆನಿಸಿದರೂ ಕಿರುಚದೆ ಹೇಳಿದೆ: “ಬಂಗಲೆ, ಮೋರಿ ಹೋಗಿದೆ, ಜೀಪ್ ಬಿಡಬೇಡಿ.” ಗುಂಡಿ ಬಿಟ್ಟೆ. ಬರೀ ಬುಸ್ ಸದ್ದು. ಬಂಗಲೆಯವರೆಲ್ಲ ಹೊರಗೆ ಜೀಪಿಗೆ ಸಾಮಾನು ತುಂಬುತ್ತಿದ್ದರಂತೆ. ಮತ್ತೆ ಹೇಳಿದೆ. ಆಗ ಬಾಳ್ಳುಪೇಟೆಯಿಂದ ಆ ದನಿ ಬಂತು.

“ರೈಟರೇ, ಕೇಳಿತು. ನಾನು ಬಂಗಲೆಗೆ ಫೋನ್ ಮಾಡ್ತೇನೆ, ಗಂಟೆ ಹೊರಗೂ ಕೇಳ್ತದೆ. ಸೆಟ್ ಬಿಟ್ಟು ಕದಲಬೇಡಿ.”

ಆ ಎರಡು ಮೂರು ನಿಮಿಷ ನಾನು ಹೇಗಿದ್ದೆನೋ ದೇವರೇ ಬಲ್ಲ. ಆಮೇಲೆ ಅದೇ ದನಿ: “ಜೀಪ್ ನಿಂತಿತು. ಗೇಟಿನಲ್ಲಿ ಓಡಿಹೋಗಿ ತಡೆದರಂತೆ. ತಾಯಿ, ಮಗು ಕ್ಷೇಮ. ಇನ್ನು ಸ್ವಲ್ಪ ನೀರು ಕುಡಿಯಿರಿ ಮಾರಾಯ್ರೆ.” ಹವಾಮಾನ ಹೇಳುವಷ್ಟೇ ತಣ್ಣಗಿನ ದನಿ. ಎಂಥ ಗಟ್ಟಿ ಗುಂಡಿಗೆ ಅಂದುಕೊಂಡೆ.

ಮೊಬೈಲ್ ಬಂದು ಸೆಟ್ಟುಗಳು ಮೂಲೆ ಸೇರಿದವು. ಕೆಲವು ವರ್ಷಗಳ ನಂತರ ಉಬ್ಬಸ ಹೆಚ್ಚಾಗಿ ಅವರು ತೀರಿಕೊಂಡರು. ಮಣ್ಣಿಗೆ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಆಗ ಅವಳಿಗೆ ಹನ್ನೆರಡು. ಎಲ್ಲ ಮುಗಿದ ಮೇಲೆ ಅವರ ಹೆಂಡತಿಯ ಮುಂದೆ ಅವಳನ್ನು ನಿಲ್ಲಿಸಿ, “ಅಮ್ಮ, ಅವತ್ತು ಜೀಪಿನಲ್ಲಿದ್ದ ಮಗು ಇವಳೇ,” ಅಂದೆ.

ಆಕೆ ಅವಳ ಎರಡೂ ಕೆನ್ನೆ ಹಿಡಿದುಕೊಂಡು ನೋಡಿದರು. “ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಎದ್ದು ಓಡಿದ್ರು. ನಿಮಗೆ ಕ್ಷೇಮ ಅಂತ ಹೇಳಿ ಮೈಕ್ ಕೆಳಗಿಟ್ಟರಲ್ಲ, ಆಮೇಲೆ ಅಲ್ಲೇ ನೆಲದಲ್ಲಿ ಕೂತು ಮಕ್ಕಳ ಹಾಗೆ ಅತ್ತುಬಿಟ್ಟರು ಮಾರಾಯ್ರೆ. ಆ ದಿನ ಊಟವೇ ಮಾಡಲಿಲ್ಲ.”