ತವರಿನ ಉಂಡಿ

ಸಕ್ಕರೆ ಕಾಯಿಲೆ ಬಂದ ಮೇಲೆ ತಿಕೋಟಾದಲ್ಲಿರುವ ನನ್ನ ತಂಗಿ ತನ್ನ ಊಟವನ್ನು ತಾನೇ ಹಿಡಿತಕ್ಕೆ ತಂದುಕೊಂಡಿದ್ದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೊಳಕೆ ಬಂದ ಹೆಸರುಕಾಳು, ಅಷ್ಟೇ. ಪಂಚಮಿಗೆ ಬಬಲೇಶ್ವರದ ನಮ್ಮ ಮನೆಗೆ ಬಂದಾಗಲೂ ಅದನ್ನೇ ಡಬ್ಬಿಯಲ್ಲಿ ಕಟ್ಟಿಕೊಂಡು ಬಂದಳು. ಹಬ್ಬಕ್ಕೆ ತವರಿಗೆ ಬಂದವಳು ಬೆಲ್ಲದ ಉಂಡಿ ಮುಟ್ಟದೆ ಕೂತದ್ದು ನನಗೆ ಅವಮಾನವೆನಿಸಿತು.

"ಏನಬೇ, ತವರಮನಿ ಉಂಡಿ ನಿನಗ ವಿಷ ಆತೇನು?" ಎಂದೆ, ನೆರೆಯವರ ಮುಂದೆಯೇ.

ಅವಳು ಡಬ್ಬಿ ಮುಚ್ಚಿಟ್ಟು ಉಂಡಿ ತಿಂದಳು. ಪ್ರತಿ ಹಬ್ಬಕ್ಕೂ ಹಾಗೇ ಅಂದು ತಿನ್ನಿಸಿದೆ. ಅದನ್ನು ಕೇಳಿ ಅವಳ ಅತ್ತೆಯೂ ಕಲಿತಳು: "ತವರಿನ್ಯಾಗ ತಿಂತಿ, ನಮ್ಮ ಮನ್ಯಾಗ ಯಾಕ ಬ್ಯಾಡ?" ತಂಗಿ ಡಬ್ಬಿ ಕಟ್ಟುವುದನ್ನೇ ಬಿಟ್ಟಳು. ನಾನು ಹೆಚ್ಚು ಕಲಿತವನಲ್ಲ. ಆದರೆ ಇದು ತಪ್ಪೆಂದು ತಿಳಿಯಲು ಸಾಲಿ ಬೇಕಿರಲಿಲ್ಲ.

ಈಗ ಅವಳು ವಿಜಯಪುರದ ಆಸ್ಪತ್ರೆಯಲ್ಲಿದ್ದಾಳೆ. ಒಂದು ಪಾದ ತೆಗೆದಿದ್ದಾರೆ. ಕಣ್ಣು ಮಂಜಾಗಿದೆ. ಮೊನ್ನೆ ನಾನು ರೊಟ್ಟಿ, ಮೊಳಕೆಕಾಳು ಒಯ್ದಿದ್ದೆ. ಡಬ್ಬಿಯೊಳಗೆ ಕೈಯಾಡಿಸಿ ನೋಡಿ ಬದಿಗೆ ಸರಿಸಿದಳು.

"ಇದನ್ನ ನೀನ ಉಣ್ಣೋ ಅಣ್ಣಾ. ನನಗ ಉಂಡಿ ತಾ. ಇನ್ನ ಯಾತಕ್ಕ ಬಾಯಿ ಕಟ್ಟಲಿ?"

ಬೇಡವೆನ್ನುವ ಅಧಿಕಾರ ನನಗೆ ಉಳಿದಿರಲಿಲ್ಲ. ನಿನ್ನೆ ಉಂಡಿ ಕಟ್ಟಿಕೊಂಡು ಹೋದೆ.